ನಾಳೆಯ ಪಾಠಕ್ಕೆ ನಾಲ್ಕು ಪುಕ್ಕಟೆ ಸಾಧನಗಳು

ಆವನಿ ಹೋಬಳಿಯ ಶಾಲೆಗೆ ಹೊಸದಾಗಿ ಬಂದ ಮೇಷ್ಟ್ರಿಗಾಗಲಿ ಟೀಚರಿಗಾಗಲಿ ಇಂಟರ್‌ನೆಟ್‌ನಲ್ಲಿ ಪಾಠದ ಸಾಮಗ್ರಿಗೇನೂ ಬರವಿಲ್ಲ. ವಾಟ್ಸಾಪ್ ಗುಂಪಿಗೆ ಬೆಳಗಾದರೆ ಲಿಂಕುಗಳು ಬಂದು ಬೀಳುತ್ತವೆ. ಅವನ್ನೆಲ್ಲ ತೆರೆದು ನೋಡುವಷ್ಟು ಪುರುಸೊತ್ತು ಯಾರಿಗೂ ಇರುವುದಿಲ್ಲ. ಅದಕ್ಕೇ ಇಲ್ಲಿ ನಾಲ್ಕನ್ನು ಮಾತ್ರ ಹೇಳುತ್ತೇನೆ. ನಾಲ್ಕಕ್ಕೂ ಕಾಸು ಕೊಡಬೇಕಿಲ್ಲ, ನಾಲ್ಕರಲ್ಲೂ ಕನ್ನಡ ಇದೆ. ಮನೆಯಲ್ಲೇ ಡೌನ್‌ಲೋಡ್ ಮಾಡಿಟ್ಟುಕೊಂಡರೆ ಶಾಲೆಯಲ್ಲಿ ನೆಟ್‌ವರ್ಕ್ ಸಿಗದಿದ್ದರೂ ಪಿರಿಯಡ್ ನಡೆಯುತ್ತದೆ.

ಶುರು ಮಾಡುವ ಮುಂಚೆ ಒಂದು ಕೆಲಸ ಮಾಡಿ. ನಾಳೆಯ ಪಾಠವನ್ನು ಓದಿ, ಮಕ್ಕಳು ಎಲ್ಲಿ ಮುಗ್ಗರಿಸಬಹುದು ಎಂದು ಪೆನ್ಸಿಲಿನಲ್ಲಿ ಗುರುತು ಹಾಕಿಕೊಳ್ಳಿ. ಸಾಧನ ಬೇಕಾಗುವುದು ಆ ಜಾಗಕ್ಕೆ ಮಾತ್ರ. ಉಳಿದ ಪಾಠಕ್ಕೆ ಸೀಮೆಸುಣ್ಣ, ಕರಿಹಲಗೆ, ನಿಮ್ಮ ಮಾತು ಸಾಕು.

ಮೊದಲನೆಯದು ದೀಕ್ಷಾ. 2017ರ ಸೆಪ್ಟೆಂಬರ್ 5ರಂದು, ಶಿಕ್ಷಕರ ದಿನಾಚರಣೆಯಂದೇ ಕೇಂದ್ರ ಸರ್ಕಾರ ಇದನ್ನು ಆರಂಭಿಸಿತು. ನಮ್ಮ ರಾಜ್ಯದ ಪಠ್ಯಪುಸ್ತಕಗಳಲ್ಲಿ ಪಾಠದ ಬಳಿ ಕಪ್ಪು ಚೌಕಳಿಯ ಕ್ಯೂಆರ್ ಕೋಡ್ ಅಚ್ಚಾಗಿರುವುದನ್ನು ನೋಡಿರುತ್ತೀರಿ. ದೀಕ್ಷಾ ಆಪ್ ತೆರೆದು ಅದರ ಮೇಲೆ ಕ್ಯಾಮೆರಾ ಹಿಡಿದರೆ ಆ ಪಾಠದ ವಿಡಿಯೊ, ಅಭ್ಯಾಸದ ಪ್ರಶ್ನೆಗಳು ಬರುತ್ತವೆ. ಪುಸ್ತಕ ಹಳತಾಗಿ ಚೌಕಳಿ ಮಾಸಿದ್ದರೆ ಗಾಬರಿ ಬೇಡ. ಅದರ ಕೆಳಗೆ 6 ಅಕ್ಷರ-ಅಂಕಿಗಳ ಸಂಕೇತ ಇರುತ್ತದೆ, ಅದನ್ನು ಟೈಪ್ ಮಾಡಿದರೂ ಪಾಠ ಸಿಗುತ್ತದೆ. ಬೇಕಾದದ್ದನ್ನು ಹಿಂದಿನ ರಾತ್ರಿಯೇ ಇಳಿಸಿಕೊಂಡು ಪೂರ್ತಿ ನೋಡಿಬಿಡಿ. ಕೆಲವು ವಿಡಿಯೊಗಳು ಪುಸ್ತಕದ ಸಾಲುಗಳನ್ನೇ ಓದಿ ಮುಗಿಸುತ್ತವೆ, ಅಂಥವನ್ನು ಬಿಟ್ಟುಬಿಡಿ. ಚೆನ್ನಾಗಿರುವುದನ್ನೂ ಒಂದೇ ಸಮನೆ ಓಡಿಸಬೇಡಿ. ಎರಡು ನಿಮಿಷಕ್ಕೊಮ್ಮೆ ನಿಲ್ಲಿಸಿ, 'ಮುಂದೇನಾಗುತ್ತೆ ಹೇಳ್ರಪ್ಪಾ' ಎಂದು ಕೇಳಿ.

ಎರಡನೆಯದು ಸ್ಟೋರಿವೀವರ್. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ತೆರೆದ ಮಕ್ಕಳ ಕಥೆಗಳ ಭಂಡಾರ ಇದು. ನಮ್ಮ ಗಡಿ ಸೀಮೆಯ ಶಾಲೆಗಳಿಗೆ ಇದರಿಂದ ವಿಶೇಷ ಉಪಯೋಗವಿದೆ. ಮುಳಬಾಗಿಲು, ಶ್ರೀನಿವಾಸಪುರದ ಕಡೆ ಮನೆಯಲ್ಲಿ ತೆಲುಗು ಆಡಿ, ಶಾಲೆಯಲ್ಲಿ ಕನ್ನಡ ಓದುವ ಮಕ್ಕಳು ಎಷ್ಟೋ ಮಂದಿ. ಇಲ್ಲಿ ಒಂದೇ ಕಥೆ, ಅದೇ ಚಿತ್ರಗಳೊಂದಿಗೆ ಹಲವು ಭಾಷೆಗಳಲ್ಲಿರುತ್ತದೆ. ತೆಲುಗಿನಲ್ಲೂ ಕನ್ನಡದಲ್ಲೂ ಇರುವ ಕಥೆಯೊಂದನ್ನು ಆರಿಸಿಕೊಳ್ಳಿ. ಮೊದಲ ದಿನ ಚಿತ್ರ ತೋರಿಸುತ್ತ ತೆಲುಗಿನಲ್ಲಿ ಹೇಳಿ, ಮರುದಿನ ಅದೇ ಚಿತ್ರಗಳಿಗೆ ಕನ್ನಡದ ಸಾಲು ಓದಿಸಿ. ಕಥೆ ಮೊದಲೇ ಗೊತ್ತಿರುವುದರಿಂದ ಮಗುವಿನ ಗಮನವೆಲ್ಲ ಹೊಸ ಪದಗಳ ಮೇಲೆ ನಿಲ್ಲುತ್ತದೆ, ಅರ್ಥವಾಗದ ಅಂಜಿಕೆ ಇರುವುದಿಲ್ಲ. ಪುಸ್ತಕಗಳನ್ನು ಓದಿನ ಮಟ್ಟಕ್ಕೆ ತಕ್ಕಂತೆ ವಿಂಗಡಿಸಿದ್ದಾರೆ. 1ನೇ ಹಂತದಲ್ಲಿ ಪುಟಕ್ಕೆ ಒಂದೆರಡು ಸಣ್ಣ ಸಾಲು, 4ನೇ ಹಂತದಲ್ಲಿ ದೊಡ್ಡ ಕಥೆ. ನಲಿಕಲಿ ತರಗತಿಯಲ್ಲಿ ಒಂದು ಗುಂಪಿಗೆ ಒಂದು ಹಂತ ಕೊಟ್ಟು ಕೂರಿಸಬಹುದು. ಇಲ್ಲಿನ ಕಥೆಗಳು ಮುಕ್ತ ಪರವಾನಗಿಯಲ್ಲಿವೆ. ಎಂದರೆ ಬರೆದವರ, ಚಿತ್ರ ಬಿಡಿಸಿದವರ ಹೆಸರು ಹಾಗೇ ಇಟ್ಟು ನೀವು ಜೆರಾಕ್ಸ್ ಮಾಡಬಹುದು, ಹಂಚಬಹುದು, ನಿಮ್ಮ ಊರ ಮಾತಿಗೆ ತಿರುಗಿಸಲೂಬಹುದು.

ಮೂರನೆಯದು ವಿಜ್ಞಾನ, ಗಣಿತದ ಮೇಷ್ಟ್ರಿಗೆ: ಫೆಟ್. ಭೌತಶಾಸ್ತ್ರದ ನೊಬೆಲ್ ಪಡೆದ ಕಾರ್ಲ್ ವೀಮನ್ 2002ರಲ್ಲಿ ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ ಇದನ್ನು ಆರಂಭಿಸಿದರು. ಪರದೆಯ ಮೇಲೆ ಮಾಡಿ ನೋಡುವ ಪ್ರಯೋಗಗಳಿವು, ಹಲವು ಕನ್ನಡದಲ್ಲೂ ಇವೆ. ವಿದ್ಯುತ್ ಮಂಡಲದ ಪ್ರಯೋಗ ತೆರೆಯಿರಿ. ಬ್ಯಾಟರಿ, ತಂತಿ, ಬಲ್ಬು ಎಳೆದು ಜೋಡಿಸಿದ ಕೂಡಲೇ ತಂತಿಯೊಳಗೆ ನೀಲಿ ಚುಕ್ಕಿಗಳು ಹರಿಯತೊಡಗುತ್ತವೆ, ಬಲ್ಬು ಹತ್ತಿಕೊಳ್ಳುತ್ತದೆ. ಅದೇ ಸಾಲಿನಲ್ಲಿ ಇನ್ನೊಂದು ಬಲ್ಬು ಸೇರಿಸಿದರೆ ಎರಡೂ ಮಂಕಾಗುತ್ತವೆ, ಚುಕ್ಕಿಗಳ ಓಟವೂ ನಿಧಾನವಾಗುತ್ತದೆ. ನಿಜವಾದ ಬ್ಯಾಟರಿ-ಬಲ್ಬಿನಲ್ಲಿ ಮಂಕಾಗುವುದಷ್ಟೇ ಕಾಣುತ್ತದೆ, ಅದರ ಕಾರಣ ಕಾಣುವುದು ಇಲ್ಲಿ. ಬಲ್ಬು ತೆಗೆದು ಬ್ಯಾಟರಿಯ ಎರಡು ತುದಿಗೂ ಬರೀ ತಂತಿ ತಾಗಿಸಿದರೆ ಪರದೆಯಲ್ಲಿ ಬೆಂಕಿ ಏಳುತ್ತದೆ. ತರಗತಿಯಲ್ಲಿ ಮಾಡಿ ತೋರಿಸಲಾಗದ ಪಾಠ ಅದು. ಆದರೂ ಒಂದು ಟಾರ್ಚ್ ಸೆಲ್ಲು, ಸಣ್ಣ ಬಲ್ಬು ಮೇಜಿನ ಮೇಲಿರಲಿ. ಮೊದಲು ಕೈಯಲ್ಲಿ ಮಾಡಿಸಿ, ಆಮೇಲೆ ಪರದೆಗೆ ಬನ್ನಿ. ಈ ಪ್ರಯೋಗಗಳನ್ನು ಕಂಪ್ಯೂಟರಿಗೆ ಇಳಿಸಿಕೊಂಡರೆ ಇಂಟರ್‌ನೆಟ್ ಇಲ್ಲದೆಯೂ ಓಡುತ್ತವೆ.

ನಾಲ್ಕನೆಯದು ಇಂಟರ್ನೆಟ್ ಆರ್ಕೈವ್. ಇದು ಹಳೆಯ ಪುಸ್ತಕಗಳ ಜಾಗತಿಕ ಗ್ರಂಥಾಲಯ. ಬಿ.ಎಲ್. ರೈಸ್ ಸಂಪಾದಿಸಿದ 'ಎಪಿಗ್ರಾಫಿಯಾ ಕರ್ನಾಟಿಕಾ'ದ 10ನೇ ಸಂಪುಟ ಇಲ್ಲಿ ಸಿಗುತ್ತದೆ. 1905ರಲ್ಲಿ ಅಚ್ಚಾದ ಈ ಸಂಪುಟ ಪೂರ್ತಿ ಕೋಲಾರ ಜಿಲ್ಲೆಯ ಶಾಸನಗಳದ್ದು. ಒಳಗೆ ತಾಲ್ಲೂಕುವಾರು ಭಾಗಗಳಿವೆ. ಮುಳಬಾಗಿಲು ಭಾಗದಲ್ಲಿ ಆವನಿಯ ಶಾಸನಗಳ ಪಾಠ ಕನ್ನಡ ಲಿಪಿಯಲ್ಲಿದೆ, ಇಂಗ್ಲಿಷ್ ಅನುವಾದವೂ ಇದೆ. ತ್ರಿಭುವನಕರ್ತ ಎಂಬ ಶೈವ ಯತಿ 40 ವರ್ಷ ಆವನಿಯ ಸ್ಥಾನವನ್ನು ನಡೆಸಿ 50 ದೇಗುಲ, 2 ದೊಡ್ಡ ಕೆರೆಗಳನ್ನು ಮಾಡಿಸಿದನೆಂದು ಹೇಳುವ ಶಾಸನ ಅದರಲ್ಲಿದೆ. ಆ ಪುಟವನ್ನು ಮುದ್ರಿಸಿಕೊಂಡು, ಮಕ್ಕಳನ್ನು ರಾಮಲಿಂಗೇಶ್ವರ, ಲಕ್ಷ್ಮಣೇಶ್ವರ, ಭರತೇಶ್ವರ, ಶತ್ರುಘ್ನೇಶ್ವರ ಗುಡಿಗಳ ಪ್ರಾಂಗಣಕ್ಕೆ ಕರೆದೊಯ್ಯಿರಿ. ಶಾಸನ 50 ಎನ್ನುತ್ತದೆ, ನಮಗೆ ಎಷ್ಟು ಕಾಣುತ್ತವೆ? ಉಳಿದವು ಏನಾಗಿರಬಹುದು? ಊರ ಕೆರೆಗಳಲ್ಲಿ ಯಾವುದು ಅಷ್ಟು ಹಳೆಯದಿರಬಹುದು? ಲವ-ಕುಶರು ಇಲ್ಲೇ ಹುಟ್ಟಿದರೆಂಬ ಕಥೆಯನ್ನು ಮಕ್ಕಳು ಮನೆಯಲ್ಲೇ ಕೇಳಿರುತ್ತಾರೆ. ಐತಿಹ್ಯಕ್ಕೂ ಕಲ್ಲಿನ ಬರಹಕ್ಕೂ ಇರುವ ವ್ಯತ್ಯಾಸವನ್ನು 8ನೇ ತರಗತಿಯ ಇತಿಹಾಸದ 'ಆಧಾರಗಳು' ಎಂಬ ಪಾಠದಲ್ಲಿ ಬಾಯಿಪಾಠ ಮಾಡಿಸುವ ಬದಲು ಇಲ್ಲಿ ನಿಂತು ಮಾತಾಡಬಹುದು.

ಇನ್ನು ಎರಡು ಎಚ್ಚರಿಕೆ. ಮಕ್ಕಳ ಫೋಟೊ, ಹೆಸರು, ಅಂಕಗಳನ್ನು ಯಾವ ಆಪ್‌ಗೂ ಗುಂಪಿಗೂ ಹಾಕಬೇಡಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯ ಪ್ರಕಾರ 18 ತುಂಬದವರೆಲ್ಲ ಮಕ್ಕಳು, ಅವರ ಮಾಹಿತಿ ಬಳಸಲು ತಂದೆತಾಯಿಯ ಒಪ್ಪಿಗೆ ಬೇಕು. ಹಾಗೆಯೇ ಪುಕ್ಕಟೆ ಎಂದು ಹೇಳಿ ಮೊದಲಿಗೇ ಒಟಿಪಿ, ಬ್ಯಾಂಕ್ ವಿವರ ಕೇಳುವ ಆಪ್ ಕಂಡರೆ ಅಲ್ಲಿಗೇ ಮುಚ್ಚಿಬಿಡಿ.

ನಾಲ್ಕನ್ನೂ ಒಂದೇ ವಾರದಲ್ಲಿ ಹಿಡಿಯಲು ಹೋಗಬೇಡಿ. ಈ ತಿಂಗಳು ಒಂದು ವಿಷಯಕ್ಕೆ ಒಂದೇ ಸಾಧನ ಸಾಕು. ಪಾಠ ಮುಗಿದ ಮೇಲೆ ಮೊದಲೇ ಹಾಕಿಟ್ಟ ಪೆನ್ಸಿಲ್ ಗುರುತಿನ ಜಾಗದ ಬಗ್ಗೆ ಎರಡು ಪ್ರಶ್ನೆ ಕೇಳಿ ನೋಡಿ. ಹಿಂದಿನ ಬೆಂಚಿನಿಂದಲೂ ಉತ್ತರ ಬಂದರೆ ಆ ಸಾಧನವನ್ನು ಇಟ್ಟುಕೊಳ್ಳಿ, ಮುಂದಿನ ಕ್ಲಸ್ಟರ್ ಸಭೆಯಲ್ಲಿ ಪಕ್ಕದ ಶಾಲೆಯವರಿಗೂ ತೋರಿಸಿ. ಬರದಿದ್ದರೆ ಅದನ್ನು ಬದಿಗಿಟ್ಟು ಆ ಪಾಠವನ್ನು ಬೇರೆ ದಾರಿಯಲ್ಲಿ ಮತ್ತೊಮ್ಮೆ ಮಾಡಿ.