ಒಂದೇ ಗಣಕ, ಎರಡು ವೇಗ

ಒಂದು ಪ್ರೌಢಶಾಲೆಯ ಗಣಕ ಕೊಠಡಿಯಲ್ಲಿ ಎರಡು ಗಣಕಯಂತ್ರಗಳು ಅಕ್ಕಪಕ್ಕದಲ್ಲಿವೆಯೆಂದು ಭಾವಿಸೋಣ. ಎರಡೂ ಒಂದೇ ಕಾರ್ಖಾನೆಯಲ್ಲಿ ತಯಾರಾದವು. ಒಂದೇ ದಿನ ಶಾಲೆಗೆ ಬಂದವು. ಎರಡರಲ್ಲಿಯೂ ಇರುವುದು ಒಂದೇ ಕಾರ್ಯಾಚರಣ ವ್ಯವಸ್ಥೆ. ನೋಡಿದವರಿಗೆ ಅವು ಅವಳಿ ಮಕ್ಕಳಂತೆ ತೋರುತ್ತವೆ. ಆದರೆ ಎರಡರ ಗುಂಡಿಯನ್ನೂ ಒಂದೇ ಕ್ಷಣದಲ್ಲಿ ಒತ್ತಿದರೆ, ಮೊದಲನೆಯದು ಒಂದು ನಿಮಿಷದಲ್ಲಿ ಕೆಲಸಕ್ಕೆ ಸಿದ್ಧವಾಗುತ್ತದೆ; ಎರಡನೆಯದು ಐದು ನಿಮಿಷ ಕಳೆದರೂ ಏಳುವುದಿಲ್ಲ.

“ಗುರುಗಳೇ, ಇದಕ್ಕೆ ವಯಸ್ಸಾಯಿತು. ಇದನ್ನು ಗುಜರಿಗೆ ಹಾಕಿಬಿಡೋಣ” ಎನ್ನುತ್ತಾರೆ ವಿದ್ಯಾರ್ಥಿಗಳು.

“ವಯಸ್ಸಾಗಿದ್ದರೆ ಎರಡಕ್ಕೂ ಆಗಬೇಕಲ್ಲವೇ?” ಎಂದು ಗುರುಗಳು ಕೇಳುತ್ತಾರೆ.

ಹಿಂದುಳಿದ ಆ ಯಂತ್ರದಲ್ಲಿ ಶಾಲೆಯ ನಾಲ್ಕು ವರ್ಷಗಳ ಅಂಕಪಟ್ಟಿಗಳಿವೆ. ಆದುದರಿಂದ ಗುರುಗಳ ಪ್ರಶ್ನೆಗೆ ಸರಿಯಾದ ಉತ್ತರವನ್ನು ಹುಡುಕುವುದು ಅಗತ್ಯವಾಗುತ್ತದೆ.

ಒಂದೇ ಬಗೆಯ ಆದೇಶಗಳನ್ನು ಬೇರೆ ಬೇರೆ ವೇಗದಲ್ಲಿ ನಡೆಸುವ ಯಂತ್ರಗಳು ಹೊಸವೇನಲ್ಲ. 1964ರಲ್ಲಿ ಅಮೆರಿಕದ ಐ.ಬಿ.ಎಂ. ಸಂಸ್ಥೆಯು ‘ಸಿಸ್ಟಂ 360’ ಎಂಬ ಗಣಕಯಂತ್ರಗಳ ಒಂದು ಕುಟುಂಬವನ್ನೇ ಪ್ರಕಟಿಸಿತು. ಅದರಲ್ಲಿ ಸಣ್ಣ ಯಂತ್ರಗಳೂ ಇದ್ದವು, ದೊಡ್ಡ ಯಂತ್ರಗಳೂ ಇದ್ದವು. ಒಂದಕ್ಕೆ ಬರೆದ ಕ್ರಮವಿಧಿಯು ಇನ್ನೊಂದರಲ್ಲಿಯೂ ನಡೆಯಬೇಕೆಂಬುದು ಅವುಗಳನ್ನು ರೂಪಿಸಿದವರ ಉದ್ದೇಶವಾಗಿತ್ತು. ಆದರೆ ವೇಗದಲ್ಲಿ ಅವು ಸಮಾನವಾಗಿರಲಿಲ್ಲ. ಅಲ್ಲಿ ವೇಗದ ವ್ಯತ್ಯಾಸವನ್ನು ಬೇಕೆಂದೇ ಇರಿಸಲಾಗಿತ್ತು. ಶಾಲೆಯ ಅವಳಿ ಯಂತ್ರಗಳಲ್ಲಿ ಅದು ತಾನಾಗಿ ಬಂದು ಸೇರಿಕೊಂಡಿದೆ. ಅದು ಹೇಗೆ ಬಂದಿತೆಂಬುದನ್ನು ತಿಳಿಯಲು ಯಂತ್ರದ ಒಳಗನ್ನು ನೋಡಬೇಕು.

ಮದುವೆಮನೆಯ ಅಡುಗೆಯನ್ನು ಎಲ್ಲರೂ ಕಂಡಿದ್ದಾರೆ. ಅಲ್ಲಿ ಅಡುಗೆ ಭಟ್ಟರಿರುತ್ತಾರೆ. ಅವರ ಮುಂದೆ, ಕೈಗೆ ಎಟಕುವಂತೆ, ಸಾಮಾನುಗಳನ್ನು ಹರಡಿಕೊಳ್ಳಲು ಒಂದಿಷ್ಟು ಜಾಗವಿರುತ್ತದೆ. ದೂರದ ಕೋಣೆಯೊಂದರಲ್ಲಿ ಉಗ್ರಾಣವಿರುತ್ತದೆ. ಗಣಕಯಂತ್ರದ ರಚನೆಯೂ ಹೀಗೆಯೇ. ಲೆಕ್ಕಗಳನ್ನು ಮಾಡುವ ಸಂಸ್ಕಾರಕ, ಅಂದರೆ ಪ್ರೊಸೆಸರ್, ಅಡುಗೆ ಭಟ್ಟರಿದ್ದಂತೆ. ಅದರ ಕೈಯಳತೆಯಲ್ಲಿರುವ ಮುಖ್ಯ ಸ್ಮೃತಿ, ಅಂದರೆ ರ್‍ಯಾಮ್, ಭಟ್ಟರ ಮುಂದಿನ ಜಾಗವಿದ್ದಂತೆ. ವಿದ್ಯುತ್ತು ಹೋದರೂ ವಿಷಯಗಳನ್ನು ಉಳಿಸಿಕೊಳ್ಳುವ ಹಾರ್ಡ್ ಡಿಸ್ಕ್ ಉಗ್ರಾಣವಿದ್ದಂತೆ. ಯಾವ ಕೆಲಸ ಮೊದಲು, ಯಾರಿಗೆ ಎಷ್ಟು ಜಾಗ ಎಂಬುದನ್ನೆಲ್ಲ ನಿರ್ಧರಿಸುವ ಯಜಮಾನನ ಸ್ಥಾನದಲ್ಲಿರುವುದು ಕಾರ್ಯಾಚರಣ ವ್ಯವಸ್ಥೆ. ಗುಂಡಿಯನ್ನು ಒತ್ತಿದೊಡನೆ ಈ ಯಜಮಾನನೇ ಮೊದಲು ಉಗ್ರಾಣದಿಂದ ಹೊರಗೆ ಬರಬೇಕು. ತನಗೆ ಬೇಕಾದ ಸಾವಿರಾರು ತುಣುಕುಗಳನ್ನು ಮುಖ್ಯ ಸ್ಮೃತಿಗೆ ತರಿಸಿಕೊಳ್ಳಬೇಕು. ಆ ಬಳಿಕವೇ ಯಂತ್ರವು ಕೆಲಸಕ್ಕೆ ಸಿದ್ಧವಾಗುತ್ತದೆ.

ಈ ಮೂರು ಭಾಗಗಳ ವೇಗದಲ್ಲಿ ಅಜಗಜಾಂತರವಿದೆ. ಇಂದಿನ ಸಾಧಾರಣ ಸಂಸ್ಕಾರಕವೊಂದು ಸೆಕೆಂಡಿಗೆ ಸುಮಾರು 300 ಕೋಟಿ ಬಾರಿ ಮಿಡಿಯುತ್ತದೆ. ಮುಖ್ಯ ಸ್ಮೃತಿಯು ಕೇಳಿದ ವಿಷಯವನ್ನು ಒದಗಿಸಲು ಸುಮಾರಾಗಿ ಒಂದು ಸೆಕೆಂಡಿನ ಕೋಟಿಯಲ್ಲೊಂದು ಭಾಗದಷ್ಟು ಕಾಲ ತೆಗೆದುಕೊಳ್ಳುತ್ತದೆ. ಹಾರ್ಡ್ ಡಿಸ್ಕಿನ ಸಂಗತಿಯೇ ಬೇರೆ. ಅದರೊಳಗೆ ಕಾಂತೀಯ ಲೇಪನವಿರುವ ತಟ್ಟೆಗಳು ನಿಮಿಷಕ್ಕೆ 5,400 ಅಥವಾ 7,200 ಸುತ್ತು ತಿರುಗುತ್ತಿರುತ್ತವೆ. ಬೇಕಾದ ವಿಷಯವನ್ನು ಓದಲು ಒಂದು ತೋಳು ಸರಿಯಾದ ಪಥಕ್ಕೆ ಸರಿಯಬೇಕು. ಆ ಜಾಗವು ತಿರುಗುತ್ತ ತೋಳಿನ ಕೆಳಗೆ ಬರಬೇಕು. ಇದಕ್ಕೆ ಸೆಕೆಂಡಿನ ನೂರರಲ್ಲಿ ಒಂದು ಭಾಗದಷ್ಟು ಕಾಲ ಹಿಡಿಯುತ್ತದೆ. ಇದು ಅಲ್ಪವೆಂದು ತೋರಬಹುದು. ಆದರೆ ಸ್ಮೃತಿಯ ವೇಗದೊಡನೆ ಹೋಲಿಸಿದರೆ ಇದು ಒಂದು ಲಕ್ಷ ಪಟ್ಟು ಹೆಚ್ಚು. ಮುಂದಿರುವ ಉಪ್ಪನ್ನು ತೆಗೆದುಕೊಳ್ಳಲು ಭಟ್ಟರಿಗೆ ಒಂದು ಸೆಕೆಂಡು ಸಾಕೆಂದಾದರೆ, ಉಗ್ರಾಣದಿಂದ ಬೆಲ್ಲವನ್ನು ತರಿಸಲು ಒಂದು ದಿನಕ್ಕಿಂತಲೂ ಹೆಚ್ಚು ಕಾಲ ಕಾಯಬೇಕು! ಭಟ್ಟರು ಎಷ್ಟೇ ಚುರುಕಾಗಿದ್ದರೂ ಕಾಯುವಾಗ ಅವರ ಚುರುಕುತನ ಉಪಯೋಗಕ್ಕೆ ಬರುವುದಿಲ್ಲ.

ಗಣಕಯಂತ್ರದ ನಿಧಾನಕ್ಕೆ ಬಹುಮಟ್ಟಿಗೆ ಇಂತಹ ಕಾಯುವಿಕೆಯೇ ಕಾರಣ. ಅದು ಹಲವು ರೂಪಗಳಲ್ಲಿ ಬರುತ್ತದೆ.

ಮೊದಲನೆಯದು ಸ್ಮೃತಿಯ ಕೊರತೆ. ಇಂಗ್ಲೆಂಡಿನ ಮ್ಯಾಂಚೆಸ್ಟರ್ ವಿಶ್ವವಿದ್ಯಾನಿಲಯದಲ್ಲಿ 1962ರಲ್ಲಿ ಕಾರ್ಯಾರಂಭ ಮಾಡಿದ ‘ಅಟ್ಲಾಸ್’ ಎಂಬ ಯಂತ್ರದಲ್ಲಿ ಒಂದು ಜಾಣ ಉಪಾಯವನ್ನು ಅಳವಡಿಸಿದ್ದರು. ಮುಖ್ಯ ಸ್ಮೃತಿಯಲ್ಲಿ ಜಾಗ ಸಾಲದಿದ್ದಾಗ, ಸದ್ಯಕ್ಕೆ ಬೇಡವಾದುದನ್ನು ಉಗ್ರಾಣಕ್ಕೆ ಕಳುಹಿಸಿ, ಬೇಕಾದಾಗ ಮರಳಿ ತರಿಸುವುದೇ ಆ ಉಪಾಯ. ಇಂದಿನ ಗಣಕಗಳೂ ಇದನ್ನೇ ಅನುಸರಿಸುತ್ತವೆ. ಆದರೆ ಜಾಗವು ತೀರ ಕಡಿಮೆಯಾದರೆ, ಕಳುಹಿಸಿದ್ದನ್ನು ಮರುಕ್ಷಣವೇ ತರಿಸಬೇಕಾಗುತ್ತದೆ. ತಂದುದನ್ನು ಮತ್ತೆ ಕಳುಹಿಸಬೇಕಾಗುತ್ತದೆ. ಆಗ ಸಾಗಾಟವೇ ದೊಡ್ಡದಾಗಿ ಅಡುಗೆಯು ನಿಂತುಹೋಗುತ್ತದೆ. ಈ ಅವಸ್ಥೆಯ ಕಾರಣಗಳನ್ನು ಪೀಟರ್ ಡೆನ್ನಿಂಗ್ ಎಂಬ ವಿಜ್ಞಾನಿ 1968ರಲ್ಲಿ ವಿವರಿಸಿದರು.

ಎರಡನೆಯದು ಶಾಖ. ಸಂಸ್ಕಾರಕವು ದುಡಿದಂತೆಲ್ಲ ಬಿಸಿಯಾಗುತ್ತದೆ. ಅದನ್ನು ತಣಿಸುವ ಪಂಖಕ್ಕೆ ಧೂಳು ಮೆತ್ತಿಕೊಂಡರೆ ಬಿಸಿಯು ಹೊರಗೆ ಹೋಗದು. ಆಗ ಸಂಸ್ಕಾರಕವು ಸುಟ್ಟುಹೋಗದಿರಲೆಂದು ತನ್ನ ಮಿಡಿತವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಹೀಗಾಗಿ ರಸ್ತೆಯ ಕಡೆಯ ಕಿಟಕಿಯ ಬಳಿ ಇರುವ ಯಂತ್ರವು ಒಳಗೋಡೆಯ ಬಳಿ ಇರುವ ಅದರ ಜೋಡಿಗಿಂತ ನಿಧಾನವಾಗಬಹುದು.

ಮೂರನೆಯದು ಕಣ್ಣಿಗೆ ಕಾಣದ ಕೆಲಸಗಳು. ಬಳಸುವವರು ಕರೆಯದಿದ್ದರೂ ಕೆಲವು ಕ್ರಮವಿಧಿಗಳು ಯಂತ್ರದೊಡನೆಯೇ ಎಚ್ಚರಗೊಂಡು ಅದರ ಕಾಲವನ್ನೂ ಸ್ಮೃತಿಯನ್ನೂ ಹಂಚಿಕೊಳ್ಳುತ್ತವೆ. ಒಂದು ಯಂತ್ರದಲ್ಲಿ ಇಂತಹವು ಐದಿದ್ದು ಇನ್ನೊಂದರಲ್ಲಿ ಇಪ್ಪತ್ತೈದಿದ್ದರೆ, ಕಾರ್ಯಾಚರಣ ವ್ಯವಸ್ಥೆಯು ಒಂದೇ ಆಗಿದ್ದರೂ ಅದರ ಹೊರೆಯು ಒಂದೇ ಆಗಿರುವುದಿಲ್ಲ.

ನಾಲ್ಕನೆಯದು ಉಗ್ರಾಣದ ದೋಷ. ಹಾರ್ಡ್ ಡಿಸ್ಕಿನ ಮೇಲ್ಮೈಯಲ್ಲಿ ಕೆಲವು ಜಾಗಗಳು ದುರ್ಬಲವಾದರೆ, ಅಲ್ಲಿ ಬರೆದುದನ್ನು ಅದು ಒಂದೇ ಸಲಕ್ಕೆ ಓದಲಾರದು. ಓದಲು ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ಹೊರಗಿನವರಿಗೆ ಕಾಣುವುದು ನಿಧಾನ ಮಾತ್ರ. ಆದರೆ ಆ ನಿಧಾನವು ಮುಂದೆ ಬರಲಿರುವ ನಷ್ಟದ ಮುನ್ಸೂಚನೆಯೂ ಆಗಿರಬಹುದು.

ಕಾರಣಗಳು ಇಷ್ಟೊಂದಿರುವಾಗ ಯಾವುದನ್ನು ಸರಿಪಡಿಸಬೇಕು? ‘ಸಿಸ್ಟಂ 360’ರ ರಚನೆಯಲ್ಲಿ ಪ್ರಮುಖ ಪಾತ್ರ ವಹಿಸಿದ ಜೀನ್ ಆಮ್ಡಾಲ್ ಅವರು 1967ರಲ್ಲಿ ಮಂಡಿಸಿದ ವಿಚಾರವೊಂದು ಇಲ್ಲಿ ದಾರಿದೀಪವಾಗುತ್ತದೆ. ಕೆಲಸದ ಒಂದು ಭಾಗವನ್ನು ಎಷ್ಟೇ ಚುರುಕುಗೊಳಿಸಿದರೂ, ಚುರುಕಾಗದೆ ಉಳಿದ ಭಾಗವು ಒಟ್ಟು ಲಾಭಕ್ಕೆ ಮಿತಿಯನ್ನು ಹಾಕುತ್ತದೆ ಎಂಬುದು ಅದರ ಸಾರ. ಇದನ್ನು ಸುಲಭವಾದ ಲೆಕ್ಕದಿಂದ ತಿಳಿಯಬಹುದು. ಯಂತ್ರವೊಂದು ಸಿದ್ಧವಾಗಲು 100 ಸೆಕೆಂಡು ಬೇಕು. ಅದರಲ್ಲಿ 80 ಸೆಕೆಂಡು ಡಿಸ್ಕಿಗಾಗಿ ಕಾಯುವುದಕ್ಕೆ, 20 ಸೆಕೆಂಡು ಲೆಕ್ಕಗಳಿಗೆ ಎಂದಿರಲಿ. ಹೆಚ್ಚು ಹಣ ತೆತ್ತು ಎರಡು ಪಟ್ಟು ವೇಗದ ಸಂಸ್ಕಾರಕವನ್ನು ತಂದರೆ ಲೆಕ್ಕಗಳ ಕಾಲ 10 ಸೆಕೆಂಡಿಗೆ ಇಳಿಯುತ್ತದೆ. ಒಟ್ಟು ಕಾಲ 90 ಸೆಕೆಂಡು. ಅದರ ಬದಲು ಹತ್ತು ಪಟ್ಟು ವೇಗದ ಉಗ್ರಾಣವನ್ನು ಜೋಡಿಸಿದರೆ ಕಾಯುವ ಕಾಲ 8 ಸೆಕೆಂಡಿಗೆ ಇಳಿಯುತ್ತದೆ. ಒಟ್ಟು ಕಾಲ 28 ಸೆಕೆಂಡು. ಆದುದರಿಂದ ಯಂತ್ರವು ಹೆಚ್ಚು ಹೊತ್ತು ಎಲ್ಲಿ ಕಾಯುತ್ತಿದೆಯೆಂಬುದನ್ನು ಮೊದಲು ಅಳೆಯಬೇಕು.

ಶಾಲೆಯ ಗುರುಗಳು ಮಾಡಿದುದೂ ಇದನ್ನೇ. ಅವರು ವಿದ್ಯಾರ್ಥಿಗಳಿಂದಲೇ ಎರಡೂ ಯಂತ್ರಗಳ ಪಂಖಗಳ ಧೂಳನ್ನು ತೆಗೆಸಿದರು. ವೇಗ ಬದಲಾಗಲಿಲ್ಲ. ಎರಡರ ಸ್ಮೃತಿಯನ್ನು ಹೋಲಿಸಿ ನೋಡಿದರು, ಅದು ಸಮವಾಗಿತ್ತು. ತಾವಾಗಿ ಎಚ್ಚರಗೊಳ್ಳುವ ಕ್ರಮವಿಧಿಗಳನ್ನು ಎಣಿಸಿದರು, ಅವೂ ಸಮವಾಗಿದ್ದವು. ಕೊನೆಗೆ, ಯಾವ ಭಾಗವು ಎಷ್ಟು ದುಡಿಯುತ್ತಿದೆಯೆಂದು ಕಾರ್ಯಾಚರಣ ವ್ಯವಸ್ಥೆಯೇ ತೋರಿಸುವ ಪಟ್ಟಿಯನ್ನು ತೆರೆದರು. ಎರಡನೆಯ ಯಂತ್ರದಲ್ಲಿ ಸಂಸ್ಕಾರಕವು ನೂರಕ್ಕೆ ಐದರಷ್ಟೂ ದುಡಿಯುತ್ತಿರಲಿಲ್ಲ. ಡಿಸ್ಕು ಮಾತ್ರ ನೂರಕ್ಕೆ ನೂರರಷ್ಟು ದುಡಿಯುತ್ತಿತ್ತು. ಭಟ್ಟರು ಸುಮ್ಮನೆ ಕುಳಿತಿದ್ದರು. ಉಗ್ರಾಣದಲ್ಲಿ ಹುಡುಕಾಟ ನಡೆದಿತ್ತು.

“ಮೊದಲು ಅಂಕಪಟ್ಟಿಗಳ ಪ್ರತಿ ತೆಗೆಯಿರಿ. ಉಳಿದುದೆಲ್ಲ ಆಮೇಲೆ” ಎಂದರು ಗುರುಗಳು.

ಪ್ರತಿ ತೆಗೆಯಲು ಒಂದು ಮಧ್ಯಾಹ್ನವೆಲ್ಲ ಹಿಡಿಯಿತು. ಎರಡು ಕಡತಗಳು ಕೊನೆಗೂ ಓದಿಗೆ ಸಿಕ್ಕಲಿಲ್ಲ. ಉಳಿದವೆಲ್ಲ ಸುರಕ್ಷಿತವಾಗಿ ಹೊರಗೆ ಬಂದವು. ಅನಂತರ ಹಳೆಯ ಡಿಸ್ಕನ್ನು ಬಿಚ್ಚಿ, ತಿರುಗುವ ಭಾಗಗಳೇ ಇಲ್ಲದ ಹೊಸ ಬಗೆಯ ಸಂಗ್ರಹ ಸಾಧನವನ್ನು ಅಲ್ಲಿ ಜೋಡಿಸಿದರು. ಎಸ್.ಎಸ್.ಡಿ. ಎಂದು ಕರೆಯುವ ಇದು ಕೇಳಿದ ವಿಷಯವನ್ನು ಸೆಕೆಂಡಿನ ಹತ್ತುಸಾವಿರದಲ್ಲಿ ಒಂದು ಭಾಗದಷ್ಟು ಕಾಲದಲ್ಲಿ ಒದಗಿಸಬಲ್ಲುದು. ಅದೇ ಕಾರ್ಯಾಚರಣ ವ್ಯವಸ್ಥೆಯನ್ನು ಮತ್ತೆ ಅದರಲ್ಲಿ ಸ್ಥಾಪಿಸಿದರು.

ಮರುದಿನ ಬೆಳಿಗ್ಗೆ ವಿದ್ಯಾರ್ಥಿಗಳು ಎರಡೂ ಯಂತ್ರಗಳ ಗುಂಡಿಗಳನ್ನು ಒಟ್ಟಿಗೆ ಒತ್ತಿದರು. ಗುಜರಿಗೆ ಹೋಗಬೇಕಾಗಿದ್ದ ಯಂತ್ರವೇ ಮೊದಲು ಎಚ್ಚರಗೊಂಡಿತು. ಒಬ್ಬ ವಿದ್ಯಾರ್ಥಿಯು ಪಕ್ಕದ ಯಂತ್ರವನ್ನು ನೋಡಿ, “ಗುರುಗಳೇ, ಇದರಲ್ಲಿರುವುದೂ ಅದೇ ವಯಸ್ಸಿನ ಡಿಸ್ಕು. ಇದರ ಕಡತಗಳಿಗೂ ಇಂದೇ ಪ್ರತಿ ತೆಗೆಯಬೇಡವೇ?” ಎಂದು ಕೇಳಿದನು.