ಹಕ್ಕಿ ಏನಾಯಿತು ಎಂದು ಕೇಳು

ತಮ್ಮಾ, ಒಳ್ಳೆಯ ಸಿನಿಮಾ ಒಂದು ಹೇಳಿ ಎಂದಿದ್ದೆಯಲ್ಲ, ‘ದಿ ಪ್ರೆಸ್ಟೀಜ್’ ನೋಡು. ಕ್ರಿಸ್ಟೋಫರ್ ನೋಲನ್ 2006ರಲ್ಲಿ ಮಾಡಿದ್ದು. ನೂರಕ್ಕೂ ಹೆಚ್ಚು ವರ್ಷ ಹಿಂದಿನ ಲಂಡನ್. ಒಬ್ಬನೇ ಜಾದೂಗಾರನ ಕೈಕೆಳಗೆ ಪಳಗಿದ ಇಬ್ಬರು ಹುಡುಗರು, ನಡುವೆ ಒಂದು ಸಾವು, ಅಲ್ಲಿಂದ ಮುಂದೆ ಆಜನ್ಮ ಹಗೆ.

ಇಂಗ್ಲಿಷ್ ತಲೆಗೆ ಹತ್ತುವುದಿಲ್ಲ ಎಂಬ ನೆಪ ಬೇಡ. ಇಲ್ಲೇ ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣ 1973ರಲ್ಲಿ ನೀನಾಸಂ ಚಿತ್ರಸಮಾಜ ಶುರು ಮಾಡಿದರು. ಭಾಷೆಯ ಗಂಧವೂ ಇಲ್ಲದ ಸಿನಿಮಾಗಳನ್ನು ಅಡಿಕೆ ತೋಟದ ಜನ ಕೂತು ನೋಡಿದರು, ಚರ್ಚೆ ಮಾಡಿದರು. ನಿನಗಾದರೋ ಕೆಳಗೆ ಅಕ್ಷರ ಬರುತ್ತದೆ. ಆದರೆ ಕ್ಲೈಮ್ಯಾಕ್ಸ್ ಬಿಡಿಸಿ ಹೇಳುವ ಯೂಟ್ಯೂಬಿನವರ ಕಡೆ ಮೊದಲೇ ತಲೆ ಹಾಕಬೇಡ. ಗುಟ್ಟು ತಿಳಿದು ನೋಡುವ ಜಾದೂ ಹಿಂಡಿ ಎಸೆದ ಕಬ್ಬಿನ ಸಿಪ್ಪೆ. ನಾನೂ ಕೊನೆ ಹೇಳುವುದಿಲ್ಲ.

ಒಂದು ದೃಶ್ಯ ಮಾತ್ರ ಹೇಳುತ್ತೇನೆ. ಹಕ್ಕಿಯ ಪಂಜರಕ್ಕೆ ಬಟ್ಟೆ ಮುಚ್ಚಿ ಅಂಗೈಯಿಂದ ಬಡಿದರೆ ಎರಡೂ ಮಾಯ. ಮರುಕ್ಷಣ ಜಾದೂಗಾರನ ಕೈಯಲ್ಲಿ ಜೀವಂತ ಹಕ್ಕಿ. ಜನರೆಲ್ಲ ಚಪ್ಪಾಳೆ ತಟ್ಟುವಾಗ ಒಬ್ಬ ಪುಟ್ಟ ಹುಡುಗ ಅಳುತ್ತಾನೆ. ಇದು ಬೇರೆ ಹಕ್ಕಿ, ಮೊದಲಿನದು ಸತ್ತಿದೆ ಎಂಬುದು ಅವನೊಬ್ಬನಿಗೇ ಹೊಳೆದಿರುತ್ತದೆ. ನಿಜವೇ. ಪರದೆಯ ಹಿಂದೆ ಮಡಚಿದ ಪಂಜರದೊಳಗೆ ಅದು ಅಪ್ಪಚ್ಚಿಯಾಗಿ ಬಿದ್ದಿರುತ್ತದೆ.

ಆ ಹುಡುಗನ ಕಣ್ಣು ಸಂಪಾದಿಸಿಕೋ, ತಮ್ಮಾ. ಶರಾವತಿಯ ಲಿಂಗನಮಕ್ಕಿ ಅಣೆಕಟ್ಟಿನ ಪಕ್ಕದ ಕಾರ್ಗಲ್ಲಿನಲ್ಲಿ ಹುಟ್ಟಿದವನಿಗೆ ಅದು ಕಷ್ಟವಾಗಬಾರದು. ಈ ಸಿನಿಮಾದಲ್ಲಿ ವಿದ್ಯುತ್ತಿನ ವಿಜ್ಞಾನಿ ನಿಕೊಲಾ ಟೆಸ್ಲಾ ಕೂಡ ಬರುತ್ತಾನೆ. ತಂತಿಯಿಲ್ಲದೆ ಬಯಲಲ್ಲಿ ಬಲ್ಬು ಉರಿಸುವುದು ಸಿನಿಮಾದ ಸೊಗಸು ಇರಬಹುದು, ಆದರೆ 1899ರಲ್ಲಿ ಕೊಲೊರಾಡೊದಲ್ಲಿ ಅವನು ಪ್ರಯೋಗಶಾಲೆ ಕಟ್ಟಿದ್ದು ನಿಜ. ಮೂರೇ ವರ್ಷಕ್ಕೆ, 1902ರಲ್ಲಿ, ನಮ್ಮ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟು ಹರಿಯಿತು. ಟೆಸ್ಲಾ ಹಟ ಹಿಡಿದು ಬೆಳೆಸಿದ ಆ ಎಸಿ ಕರೆಂಟೇ ಇವತ್ತು ಶರಾವತಿಯ ಹತ್ತು ಯಂತ್ರಗಳಿಂದ ಹೊರಡುತ್ತಿದೆ, 1,035 ಮೆಗಾವಾಟ್. ನಾಡಿಗೆಲ್ಲ ಬೆಳಕು, ಎಲ್ಲರದೂ ಚಪ್ಪಾಳೆ. 1964ರಲ್ಲಿ ಲಿಂಗನಮಕ್ಕಿ ಕಟ್ಟೆ ಎದ್ದಾಗ ಗದ್ದೆ ತೋಟ ನೀರಿಗೆ ಬಿಟ್ಟು ಹೊರಟವರ ಮಕ್ಕಳು, ಮೊಮ್ಮಕ್ಕಳು ಮಾತ್ರ ಇನ್ನೂ ಹಕ್ಕುಪತ್ರಕ್ಕೆ ಅಲೆಯುತ್ತಿದ್ದಾರೆ. ಅಣೆಕಟ್ಟು ಬೇಡವಿತ್ತು ಎನ್ನುತ್ತಿಲ್ಲ. ಸ್ವಿಚ್ ಒತ್ತುವವನಿಗೆ ಲೆಕ್ಕ ಗೊತ್ತಿರಲಿ ಎನ್ನುತ್ತಿದ್ದೇನೆ.

ಸಿನಿಮಾವನ್ನು ಎರಡನೇ ಸಲ ನೋಡುವಾಗ ಜಾದೂಗಾರರನ್ನು ಬಿಟ್ಟು ಅವರ ಮನೆಯವರನ್ನು ಗಮನಿಸು. ಆ ಇಬ್ಬರು ಜಾದೂಗಾರರಲ್ಲಿ ಒಬ್ಬನಾದ ಬೋರ್ಡನ್‌ನ ಹೆಂಡತಿ ಸಾರಾ, ಗಂಡನ ಮಾತು ಇವತ್ತು ನಿಜವೋ ಸುಳ್ಳೋ ಎಂದು ಅವನ ಮುಖ ನೋಡಿ ಅಳೆಯುತ್ತಾಳೆ. ಕಲೆಗಾಗಿ ಪ್ರಾಣ ಕೊಡುತ್ತೇವೆ ಎನ್ನುವ ಗಂಡಸರಿಬ್ಬರೂ ಕೊಟ್ಟಿದ್ದರಲ್ಲಿ ಬೇರೆಯವರ ಪಾಲು ಎಷ್ಟು ಎಂದು ಆಗ ತಿಳಿಯುತ್ತದೆ.

ನಾಳೆ ನೀನೂ ನಾಟಕಕ್ಕೋ ಸಿನಿಮಾಕ್ಕೋ ಕಂಪನಿ ಕೆಲಸಕ್ಕೋ ಹೋಗುತ್ತೀಯ. ಹಟವಿರಲಿ, ಪೈಪೋಟಿಯೂ ಇರಲಿ. ನಿದ್ದೆಗೆಡುವುದಾದರೆ ನಿನ್ನ ನಿದ್ದೆ ಕೆಡಲಿ, ಅಮ್ಮನದಲ್ಲ. ಸಾಲವಾಗುವುದಾದರೆ ನಿನ್ನ ಹೆಸರಲ್ಲಿ ಆಗಲಿ, ಗೆಳೆಯನ ಹೆಸರಲ್ಲಿ ಬೇಡ. ಯಾರ ಗೆಲುವಿಗಾದರೂ ಧಾರಾಳವಾಗಿ ಚಪ್ಪಾಳೆ ತಟ್ಟು. ತಟ್ಟಿದ ಮೇಲೆ ಹಕ್ಕಿ ಏನಾಯಿತು ಎಂದು ಕೇಳಲು ನಾಚಬೇಡ. ಗೆದ್ದವನು ನೀನೇ ಆಗಿದ್ದರಂತೂ ತಪ್ಪದೆ ಕೇಳು.