ಪೀಣ್ಯದ ಮಕ್ಕಳಿಗೆ ಚಳಿಗಾಲದ ಪಾಠಗಳು

ಡಿಸೆಂಬರ್ ಬಂತೆಂದರೆ ಚಿಕ್ಕ ಮಕ್ಕಳ ತರಗತಿಗಳಲ್ಲಿ ಹತ್ತಿಯ ಹಿಮ ಬೀಳತೊಡಗುತ್ತದೆ. ಬಿಳಿಯ ಕಾಗದದ ಹಿಮಮಾನವನು ಕೊರಳಿಗೆ ಕೆಂಪು ಪಟ್ಟಿ ಸುತ್ತಿಕೊಂಡು ಗೋಡೆಯ ಮೇಲೆ ನಿಲ್ಲುತ್ತಾನೆ. ಇದರಿಂದ ಮಕ್ಕಳಿಗೆ ಸಂತೋಷವಾಗುವುದು ನಿಜ. ಆದರೆ ಬೆಂಗಳೂರಿನ ವಾಯವ್ಯಕ್ಕಿರುವ ಪೀಣ್ಯದ ಕೈಗಾರಿಕಾ ಪ್ರದೇಶದಲ್ಲಿ ಬೆಳೆಯುವ ಮಗು ಆ ಹಿಮವನ್ನು ಮುಟ್ಟಲಾರದು, ಅಳೆಯಲಾರದು. ಬೆಂಗಳೂರಿನಲ್ಲಿ ದಾಖಲಾಗಿರುವ ಅತ್ಯಂತ ಕಡಿಮೆ ಉಷ್ಣತೆ 7.8 ಡಿಗ್ರಿ ಸೆಂಟಿಗ್ರೇಡ್. ಅದು 1884ರ ಜನವರಿ 13ರಂದು. ನೀರು ಹೆಪ್ಪುಗಟ್ಟುವ ಸೊನ್ನೆ ಡಿಗ್ರಿಗೂ ನಮಗೂ ಇರುವ ಅಂತರ ಇಷ್ಟು.

ಹಾಗಾದರೆ ಪೀಣ್ಯದಲ್ಲಿ ಚಳಿಗಾಲವೇ ಇಲ್ಲವೆ? ಇದೆ, ಅದರ ಗುರುತುಗಳು ಬೇರೆ. ಪ್ರೌಢಶಾಲೆ ಮತ್ತು ಕಾಲೇಜುಗಳ ವಿದ್ಯಾರ್ಥಿಗಳಾದ ನೀವು ನೆರೆಯ ಪ್ರಾಥಮಿಕ ಶಾಲೆಯಲ್ಲಿ, ಇಲ್ಲವೆ ಮನೆಯ ಕಿರಿಯರ ಮುಂದೆ, ಮಾಡಿ ತೋರಿಸಬಹುದಾದ ನಾಲ್ಕು ಚಟುವಟಿಕೆಗಳನ್ನು ಇಲ್ಲಿ ವಿವರಿಸಿದೆ. ಇವುಗಳಿಗೆ ಬೇಕಾದ ಸಾಮಗ್ರಿ ಅಡುಗೆಮನೆಯಲ್ಲಿಯೇ ದೊರೆಯುತ್ತದೆ.

1. ಇಬ್ಬನಿ ಎಲ್ಲಿಂದ ಬರುತ್ತದೆ?

ಮೊದಲು ಪದಗಳನ್ನು ಬಿಡಿಸಿ ಹೇಳಬೇಕು. ಆಡುಮಾತಿನಲ್ಲಿ ಬೆಳಗಿನ ಮಬ್ಬಿಗೂ ಹುಲ್ಲಿನ ಮೇಲಿನ ಹನಿಗೂ ಪರ್ವತದ ಹಿಮಕ್ಕೂ 'ಮಂಜು' ಎಂಬ ಒಂದೇ ಹೆಸರು. ಮಗುವಿಗೆ ಗೊಂದಲವಾಗುವುದು ಸಹಜ. ಹುಲ್ಲಿನ ಮೇಲಿನದು ಇಬ್ಬನಿ.

ಆಕಾಶ ತಿಳಿಯಾಗಿರುವ ಸಂಜೆ ಎರಡು ತಟ್ಟೆಗಳಲ್ಲಿ ಒಂದನ್ನು ಬಯಲಿನಲ್ಲಿಯೂ ಇನ್ನೊಂದನ್ನು ಪಕ್ಕದಲ್ಲೇ ಒಂದು ಬೆಂಚಿನ ಕೆಳಗೂ ಇಡಿಸಿರಿ. ಗಾಳಿ ಬೀಸದ ರಾತ್ರಿಯಾದರೆ, ಬೆಳಿಗ್ಗೆ ಬಯಲಿನ ತಟ್ಟೆ ತೇವವಾಗಿ, ಬೆಂಚಿನ ಕೆಳಗಿನದು ಒಣಗಿರುವುದು ಕಾಣುತ್ತದೆ. "ಮೇಲಿನಿಂದ ಬಿದ್ದ ನೀರನ್ನು ಬೆಂಚು ತಡೆಯಿತು" ಎಂದು ಮಗು ಹೇಳಿದರೆ ಅದನ್ನು ತಳ್ಳಿಹಾಕಬೇಡಿರಿ. ಅದು ಒಳ್ಳೆಯ ಊಹೆ. ಅದನ್ನು ಪರೀಕ್ಷಿಸಲು ಒಣಗಿದ ಲೋಟಕ್ಕೆ ಮಂಜುಗಡ್ಡೆಯ ನೀರು ತುಂಬಿ ಮುಚ್ಚಿಡಿ. ಸ್ವಲ್ಪ ಹೊತ್ತಿಗೆ ಲೋಟದ ಹೊರಮೈ ಬೆವರುತ್ತದೆ. ಸೂರಿನ ಕೆಳಗೆ ಏನೂ ಬೀಳಲಿಲ್ಲ, ಲೋಟ ಸೋರಲಿಲ್ಲ. ಗಾಳಿಯಲ್ಲಿದ್ದ ಕಣ್ಣಿಗೆ ಕಾಣದ ಆವಿಯೇ ತಣ್ಣನೆಯ ಮೈ ಸೋಂಕಿ ನೀರಾಯಿತೆಂಬುದು ಇದರಿಂದ ಸ್ಪಷ್ಟ.

ಬಯಲಿನ ತಟ್ಟೆ ಮಾತ್ರ ಏಕೆ ಅಷ್ಟು ತಣ್ಣಗಾಯಿತು? ಅದು ತನ್ನ ಶಾಖವನ್ನು ವಿಕಿರಣದ ಮೂಲಕ ತೆರೆದ ಆಕಾಶಕ್ಕೆ ಬಿಟ್ಟುಕೊಟ್ಟಿತು. ಇನ್ನೊಂದಕ್ಕೆ ಬೆಂಚು ತನ್ನ ಶಾಖವನ್ನು ಹಿಂದಿರುಗಿಸುತ್ತಿತ್ತು. ವಿಲಿಯಂ ವೆಲ್ಸ್ ಎಂಬ ವೈದ್ಯನು 1814ರಲ್ಲಿ ಪ್ರಕಟಿಸಿದ ಇಬ್ಬನಿಯ ಪ್ರಬಂಧದಲ್ಲಿ ಈ ವಿಷಯವನ್ನೇ ನಿರೂಪಿಸಿದನು. ಲಂಡನ್ನಿನ ತೋಟದಲ್ಲಿ ಅವನು ಉಪಯೋಗಿಸಿದ ಸಾಮಗ್ರಿಗಳಲ್ಲಿ ಮುಖ್ಯವಾದುದು ಉಣ್ಣೆಯ ತುಣುಕುಗಳು.

2. ಕೊಬ್ಬರಿ ಎಣ್ಣೆಯ ಉಷ್ಣಮಾಪಕ

ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಯಲ್ಲಿ ಕರಗುತ್ತದೆ. ಬೆಂಗಳೂರಿನ ಜನವರಿಯಲ್ಲಿ ಉಷ್ಣತೆ ಸಾಮಾನ್ಯವಾಗಿ ರಾತ್ರಿ 15-16 ಡಿಗ್ರಿಗೆ ಇಳಿದು ಮಧ್ಯಾಹ್ನ 27-28 ಡಿಗ್ರಿಗೆ ಏರುತ್ತದೆ. ಅಂದರೆ ಎಣ್ಣೆ ಕರಗುವ ಗೆರೆಯನ್ನು ನಮ್ಮ ಚಳಿಗಾಲ ದಿನವೂ ಎರಡು ಬಾರಿ ದಾಟುತ್ತದೆ. ಚಿಕ್ಕ ಸೀಸೆಯಲ್ಲಿ ಎರಡು ಚಮಚ ಎಣ್ಣೆ ಹಾಕಿ ಹೊರಗಿನ ಜಗಲಿಯ ಮೇಲಿಡಿ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಸೀಸೆಯನ್ನು ಓರೆ ಮಾಡಿ ನೋಡಿ, ಗಟ್ಟಿಯಾಗಿದ್ದರೆ ಚೌಕವನ್ನೂ ನೀರಾಗಿದ್ದರೆ ವೃತ್ತವನ್ನೂ ಮಕ್ಕಳು ಪಟ್ಟಿಯಲ್ಲಿ ಬರೆಯಲಿ. ಅಂಕೆ ಓದಲು ಬಾರದ ಮಗುವೂ ಓದಬಲ್ಲ ಉಷ್ಣಮಾಪಕವಿದು. ಒಡೆದರೆ ಪಾದರಸ ಚೆಲ್ಲುವ ಭಯವಿಲ್ಲ. ಪಕ್ಕದಲ್ಲಿ ಎಳ್ಳೆಣ್ಣೆಯ ಸೀಸೆಯನ್ನೂ ಇಟ್ಟರೆ ಅದು ಹೆಪ್ಪುಗಟ್ಟದೆ ಉಳಿಯುತ್ತದೆ. ಪ್ರತಿಯೊಂದು ವಸ್ತುವಿಗೂ ಕರಗುವ ಉಷ್ಣತೆ ಬೇರೆಬೇರೆ ಎಂಬ ತತ್ತ್ವಕ್ಕೆ ಇದೇ ಪೀಠಿಕೆ.

3. ನೆರಳಿನ ದಾರಗಳು

ಅಂಗಳದಲ್ಲಿ 1 ಮೀಟರ್ ಉದ್ದದ ಕೋಲನ್ನು ನೆಟ್ಟಗೆ ನಿಲ್ಲಿಸಿರಿ. ಅದರ ನೆರಳು ಅತ್ಯಂತ ಗಿಡ್ಡವಾಗುವ ಹೊತ್ತು ಡಿಸೆಂಬರ್ ಕೊನೆಯಲ್ಲಿ ಇಲ್ಲಿ 12 ಗಂಟೆಯಲ್ಲ, ಸುಮಾರು 12 ಗಂಟೆ 18 ನಿಮಿಷ. ಏಕೆಂದರೆ ನಮ್ಮ ಗಡಿಯಾರ ನಡೆಯುವುದು ನಮಗಿಂತ ಪೂರ್ವದಲ್ಲಿರುವ ರೇಖಾಂಶದ ಪ್ರಕಾರ. ವಾರಕ್ಕೊಮ್ಮೆ ಆ ನೆರಳಿನಷ್ಟು ದಾರ ಕತ್ತರಿಸಿ ಗೋಡೆಗೆ ಸಾಲಾಗಿ ಅಂಟಿಸಲಿ. ಡಿಸೆಂಬರ್ 22ರ ಸುಮಾರಿಗೆ ದಾರ 74 ಸೆಂಟಿಮೀಟರ್ ಉದ್ದವಿರುತ್ತದೆ. ಮಾರ್ಚ್ 21ಕ್ಕೆ 23. ಏಪ್ರಿಲ್ 24-25ರ ಸುಮಾರಿಗೆ ಸೂರ್ಯನು ನೆತ್ತಿಯ ಮೇಲೆ ಬಂದು ನೆರಳೇ ಇಲ್ಲ. ಸೂರ್ಯಕಿರಣಗಳು ಓರೆಯಾಗಿ ಬಿದ್ದು ಹೆಚ್ಚು ನೆಲಕ್ಕೆ ಹರಡಿದಾಗ ಕಾವು ಕಡಿಮೆ ಎಂಬುದನ್ನು ದಾರಗಳೇ ಹೇಳುತ್ತವೆ. ಸಂಕ್ರಾಂತಿಗೆ ಮೂರು ವಾರ ಮೊದಲೇ ನೆರಳು ಕುಗ್ಗತೊಡಗುವುದನ್ನೂ ಚುರುಕಾದ ಮಕ್ಕಳು ಗಮನಿಸುವರು.

ಹಗಲೂ ಆಗ ಅತ್ಯಂತ ಚಿಕ್ಕದು, 11 ಗಂಟೆ 20 ನಿಮಿಷದಷ್ಟು. ಇದನ್ನು ಬಲ್ಲ ಗಿಡವೊಂದಿದೆ. ನಮ್ಮ ನಾಟಿ ಅವರೆ ಹಗಲು ಕಿರಿದಾದಾಗಲೇ ಹೂಬಿಡುತ್ತದೆ. ಸೊಗಡಿನ ಅವರೆಕಾಯಿ ಚಳಿಗಾಲಕ್ಕೇ ಬರುವುದು ಅದರಿಂದ. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದವರು ರೂಪಿಸಿದ ಹೆಬ್ಬಾಳ ಅವರೆ-3ರಂಥ ತಳಿಗಳು ಮಾತ್ರ ಹಗಲಿನ ಅಳತೆಗೆ ಕಾಯುವುದಿಲ್ಲ. ಒಂದು ಹಿಡಿ ಕಾಯಿಯನ್ನು ತರಗತಿಗೆ ತಂದು ಮೂಸಲು ಕೊಡಿ.

4. ಹೊಗೆ ಏಕೆ ಮೇಲೇರುವುದಿಲ್ಲ?

ಪೀಣ್ಯದ ಮಟ್ಟಿಗೆ ಅತ್ಯಂತ ಮುಖ್ಯವಾದುದು ಈ ಪಾಠ. ಬಾಯಿಯ ಅಳತೆ ಒಂದೇ ಆಗಿರುವ ಎರಡು ಗಾಜಿನ ಜಾಡಿಗಳನ್ನು ತೆಗೆದುಕೊಳ್ಳಿ. ಒಂದಕ್ಕೆ ತಣ್ಣೀರು, ಇನ್ನೊಂದಕ್ಕೆ ಕೆಂಪು ಶಾಯಿ ಬೆರೆಸಿದ ಬಿಸಿನೀರು ಅಂಚಿನವರೆಗೆ ತುಂಬಿರಿ. ಬಿಸಿ ಕೈ ತಾಳುವಷ್ಟಿರಲಿ. ಬಿಸಿನೀರಿನ ಜಾಡಿಯ ಬಾಯಿಗೆ ಹಳೆಯ ಲಗ್ನಪತ್ರಿಕೆಯ ದಪ್ಪ ಕಾಗದವನ್ನು ಒತ್ತಿಹಿಡಿದು, ತಣ್ಣೀರಿನ ಜಾಡಿಯ ಮೇಲೆ ಬೋರಲು ಕೂಡಿಸಿ ಕಾಗದವನ್ನು ಮೆಲ್ಲಗೆ ಎಳೆಯಿರಿ. ಕೆಂಪು ಮೇಲೆಯೇ ನಿಲ್ಲುತ್ತದೆ. ಮತ್ತೊಮ್ಮೆ ಬಿಸಿನೀರನ್ನು ಕೆಳಗಿಟ್ಟು ಮಾಡಿದರೆ ಕ್ಷಣದಲ್ಲಿ ಎರಡೂ ಬೆರೆಯುತ್ತವೆ. ಕೆಳಗೆ ತಣ್ಣನೆಯ ಭಾರವಾದ ಪದರವೂ ಮೇಲೆ ಬೆಚ್ಚನೆಯ ಹಗುರವಾದ ಪದರವೂ ಇದ್ದರೆ ಅವು ಕಲೆಯುವುದಿಲ್ಲ.

ತಟ್ಟೆಯನ್ನು ತಣ್ಣಗಾಗಿಸಿದ ವಿಕಿರಣವೇ ಚಳಿಯ ರಾತ್ರಿಯಲ್ಲಿ ನೆಲವನ್ನೂ, ನೆಲ ಸೋಂಕಿದ ಗಾಳಿಯನ್ನೂ ತಣ್ಣಗಾಗಿಸುತ್ತದೆ. ಅದರ ಮೇಲೆ ಬೆಚ್ಚನೆಯ ಗಾಳಿ ಮುಚ್ಚಳದಂತೆ ಕೂರುತ್ತದೆ. ಎರಕದ ಕಾರ್ಖಾನೆಗಳ, ಲಾರಿಗಳ, ಡೀಸೆಲ್ ಜನರೇಟರುಗಳ, ಬೀದಿಯಲ್ಲಿ ಸುಡುವ ಕಸದ ಹೊಗೆ ಆ ಮುಚ್ಚಳದ ಕೆಳಗೆ ಸಿಕ್ಕಿಬೀಳುತ್ತದೆ. ಬಿಸಿಲೇರಿ ನೆಲ ಕಾದ ಮೇಲೆಯೇ ಮುಚ್ಚಳ ಒಡೆಯುವುದು. ಬೆಳಗಿನ ಗಾಳಿ ಯಾವಾಗಲೂ ಶುದ್ಧವೆಂಬ ನಂಬಿಕೆ ಇಲ್ಲಿ ಸಲ್ಲದು. ಪೀಣ್ಯದಲ್ಲಿ ವಾಯು ಗುಣಮಟ್ಟವನ್ನು ಅಳೆಯುವ ಕೇಂದ್ರವಿದೆ. ಅದರ ಬೆಳಿಗ್ಗೆ 7 ಗಂಟೆಯ ಮತ್ತು ಮಧ್ಯಾಹ್ನ 2 ಗಂಟೆಯ ಅಂಕಿಗಳನ್ನು ಒಂದು ತಿಂಗಳ ಕಾಲ ನೀವೇ ಹೋಲಿಸಿ ನೋಡಿರಿ. ಬೆಳಗಿನ ಅಂಕಿಗಳು ಹೆಚ್ಚಾಗಿದ್ದರೆ, ಮಕ್ಕಳ ಓಟ ಮತ್ತು ವ್ಯಾಯಾಮಗಳನ್ನು ಬಿಸಿಲೇರಿದ ಮೇಲೆ ಇಡುವಂತೆ ಉಪಾಧ್ಯಾಯರಲ್ಲಿ ಆಧಾರಸಹಿತ ಕೇಳಿಕೊಳ್ಳಬಹುದು. ಶಾಲೆಯ ಅಂಗಳದಲ್ಲಿ ತರಗೆಲೆಗೆ ಬೆಂಕಿ ಹಾಕುವ ರೂಢಿಯನ್ನೂ ನಿಲ್ಲಿಸಬಹುದು.

ಪೀಣ್ಯದ ಶಾಲೆಗಳಲ್ಲಿ ಅನೇಕ ಜಿಲ್ಲೆಗಳಿಂದಲೂ ಹೊರರಾಜ್ಯಗಳಿಂದಲೂ ಬಂದ ಕಾರ್ಮಿಕರ ಮಕ್ಕಳು ಒಟ್ಟಿಗೆ ಕಲಿಯುತ್ತಾರೆ. ಅವರ ಮನೆಮಾತುಗಳು ಹಲವು. ಉಸಿರಾಡುವ ಗಾಳಿ ಒಂದೇ. ಹತ್ತಿಯ ಹಿಮಮಾನವನು ಗೋಡೆಯ ಮೇಲೆ ಇರಲಿ, ಬೇಡವೆನ್ನುವುದಿಲ್ಲ. ಅವನ ಪಕ್ಕದಲ್ಲಿ ನೆರಳಿನ ದಾರಗಳೂ ಎಣ್ಣೆಯ ಪಟ್ಟಿಯೂ ಇದ್ದರೆ, ತಾನಿರುವ ಊರಿನ ಚಳಿಗಾಲವನ್ನು ಮಗು ತಾನೇ ಅಳೆದು ಅರಿಯುವುದು.